ಕ್ಯೂನಲ್ಲಿ ನಿಂತವರು

2014ರ ಜೂನ್‌ನ ಒಂದು ಮಂಗಳವಾರ, ಅಮೆರಿಕದ ವರ್ಜೀನಿಯಾದಲ್ಲಿ ನಮ್ಮ ಕ್ಷೇತ್ರದ ರಿಪಬ್ಲಿಕನ್ ಪ್ರೈಮರಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಮತದಾರರೇ ಆರಿಸುವ ಚುನಾವಣೆ. ಸಂಜೆ ಕಸದ ಡಬ್ಬಿ ಹೊರಗಿಡಲು ಹೋದಾಗ ಪಕ್ಕದ ಮನೆ ತಾತ ಸಿಕ್ಕಿದರು. ಅಂಗಿ ಜೇಬಿನ ಮೇಲೆ ಮತ ಹಾಕಿದ ಸ್ಟಿಕ್ಕರ್, ಬೆವರಿಗೆ ಅದರ ಒಂದು ಅಂಚು ಎದ್ದಿತ್ತು. ಯಾರಿಗೆ ಹಾಕಿದಿರಿ ಎಂದು ನಾನು ಕೇಳಲಿಲ್ಲ. ಅವರೇ ಹೇಳಿದರು: "ಆ ಮೇಷ್ಟ್ರಿಗೆ. ಕ್ಯಾಂಟರ್‌ನ ಗೆಲ್ಲೋಕೆ ಬಿಟ್ಟರೆ ಅಕ್ರಮವಾಗಿ ಬಂದವರಿಗೆಲ್ಲ ಬಾಗಿಲು ತೆಗೀತಾನೆ." ಆಮೇಲೆ ನನ್ನ ಮುಖ ನೋಡಿ, "ನಿಮ್ಮ ಮೇಲೆ ನನಗೇನೂ ಇಲ್ಲಪ್ಪ. ನೀವು ಕ್ಯೂನಲ್ಲಿ ನಿಂತವರು" ಎಂದರು.

ಹಲ್ಲು ಕಿರಿದು ಒಳಗೆ ಬಂದೆ.

ರಾತ್ರಿ ಟಿವಿ ಹಾಕಿದರೆ ಎರಿಕ್ ಕ್ಯಾಂಟರ್ ಸೋತಿದ್ದರು! ಸಂಸತ್ತಿನ ಕೆಳಸದನದಲ್ಲಿ ರಿಪಬ್ಲಿಕನ್ ಬಹುಮತದ ನಾಯಕ, ನಾಳೆ ಸ್ಪೀಕರ್ ಆಗುತ್ತಾರೆ ಎನ್ನುತ್ತಿದ್ದವರು. ಅವರದೇ ತಂಡದ ಸಮೀಕ್ಷೆಯಲ್ಲಿ ಶೇಕಡಾ 34 ಅಂಕ ಮುಂದಿದ್ದರು. ಸ್ಟೇಕ್ ಹೋಟೆಲುಗಳಿಗೇ ಅವರ ಪ್ರಚಾರದ ದುಡ್ಡು 1,68,000 ಡಾಲರ್ ಹೋಗಿದೆಯಂತೆ. ಅವರನ್ನು ಸೋಲಿಸಿದ ಮೇಷ್ಟ್ರು ಡೇವ್ ಬ್ರಾಟ್ ಇಡೀ ಪ್ರಚಾರಕ್ಕೆ ಸುರಿದದ್ದೇ ಹೆಚ್ಚು ಕಡಿಮೆ ಅಷ್ಟು. ನಮ್ಮ ಕಡೆ ಆಗಿದ್ದರೆ ಇಂಥ ನಾಯಕನ ಟಿಕೆಟ್‌ಗೆ ಕೈ ಹಾಕುವ ಧೈರ್ಯ ಯಾರಿಗಿತ್ತು? ಹೈಕಮಾಂಡ್ ಇದೆಯಲ್ಲ. ಇಲ್ಲಿ ಸುಮಾರು 65,000 ಜನ ಬಂದು ಪ್ರೈಮರಿಯಲ್ಲೇ ಕತೆ ಮುಗಿಸಿದರು. ಇನ್ನು ನವೆಂಬರ್‌ನಲ್ಲಿ ಬ್ರಾಟ್ ಎದುರು ನಿಲ್ಲಲಿದ್ದ ಡೆಮಾಕ್ರಟ್ ಜ್ಯಾಕ್ ಟ್ರ್ಯಾಮೆಲ್ ಕೂಡ ಬ್ರಾಟ್ ಪಾಠ ಮಾಡುತ್ತಿದ್ದ ರ‍್ಯಾಂಡಾಲ್ಫ್-ಮೇಕನ್ ಕಾಲೇಜಿನ ಮೇಷ್ಟ್ರು. ಆ ಕಾಲೇಜಿನಲ್ಲಿ ಕಾಫಿ ಹೊತ್ತಿಗೆ ಏನು ಮಾತಾಡಿಕೊಂಡರೋ!

ಆದರೆ ನನ್ನ ತಲೆಯಲ್ಲಿ ಕೊರೆಯುತ್ತಿದ್ದದ್ದು ತಾತನ ಮಾತು. ಕ್ಯೂನಲ್ಲಿ ನಿಂತವರು.

ನಿಂತಿದ್ದು ನಿಜ. 2009ರಿಂದ ಗ್ರೀನ್ ಕಾರ್ಡ್‌ಗೆ, ಅಂದರೆ ಇಲ್ಲಿ ಖಾಯಂ ಆಗಿ ನೆಲೆಸುವ ಅನುಮತಿಗೆ, ನಿಂತಿದ್ದೆ. ನಮ್ಮ ವರ್ಗದಲ್ಲಿ ಭಾರತೀಯರಿಗೆ ಆಗ ನಡೆಯುತ್ತಿದ್ದದ್ದು 2003ರಲ್ಲಿ ಅರ್ಜಿ ಹಾಕಿದವರ ಸರದಿ. ವರ್ಷಕ್ಕೆ ಕೊಡುವ ಕಾರ್ಡುಗಳಲ್ಲಿ ಯಾವ ದೇಶಕ್ಕೂ ನೂರಕ್ಕೆ ಏಳಕ್ಕಿಂತ ಜಾಸ್ತಿ ಇಲ್ಲ ಎನ್ನುವ ಲೆಕ್ಕದಿಂದ ಹೀಗಾಗಿದೆ. 2013ರ ಜೂನ್‌ನಲ್ಲಿ ಮೇಲ್ಮನೆಯಾದ ಸೆನೆಟ್ 68-32ರಲ್ಲಿ ಪಾಸು ಮಾಡಿದ ವಲಸೆ ಮಸೂದೆಯಲ್ಲಿ, ಕೆಲಸದ ಮೇಲೆ ಬಂದವರಿಗೆ ಆ ಮಿತಿ ತೆಗೆಯುವ ಮಾತಿತ್ತು. ಅಕ್ರಮವಾಗಿ ಬಂದವರಿಗೆ ದಾರಿ ಮಾಡಿಕೊಡುವ ಮಾತೂ ಅದರಲ್ಲೇ ಇತ್ತು. ಎರಡೂ ಒಂದೇ ಗಂಟು. ಕೆಳಸದನ ಅದನ್ನು ಮುಟ್ಟಲೇ ಇಲ್ಲ. ಕ್ಯಾಂಟರ್ ಕೂಡ ಅದಕ್ಕೆ ಎದುರೇ. ಚಿಕ್ಕಂದಿನಲ್ಲಿ ಅಪ್ಪ ಅಮ್ಮನ ಜೊತೆ ಬಂದ ಮಕ್ಕಳ ಬಗ್ಗೆ ಒಂದೆರಡು ಮೆತ್ತಗಿನ ಮಾತಾಡಿದ್ದಕ್ಕೇ ಈ ಗತಿಯಾದರೆ, ಇನ್ನು ವಲಸೆ ಅಂತ ಯಾವ ರಿಪಬ್ಲಿಕನ್ ಬಾಯಿ ಬಿಡುತ್ತಾನೆ? ಕ್ಯೂನಲ್ಲಿ ನಿಂತವರ ಮೇಲಿನ ಗೌರವಕ್ಕೆ ತಾತ ಹಾಕಿದ ಓಟು ಕ್ಯೂವನ್ನೇ ನಿಲ್ಲಿಸಿಬಿಟ್ಟಿತಲ್ಲ.

ತಾತ ಕೆಟ್ಟವರಲ್ಲ. ಹಿಮ ಬಿದ್ದಾಗ ನಮ್ಮ ಮನೆ ಮುಂದಿನದನ್ನೂ ಅವರೇ ಎತ್ತಿ ಹಾಕುತ್ತಾರೆ. ನನಗೆ ಸಿಟ್ಟು ಬಂದದ್ದು ನನ್ನ ಆ ಹಲ್ಲು ಕಿರಿಯುವಿಕೆಯ ಮೇಲೆ. "ನಾವು ಅವರ ಥರ ಅಲ್ಲ" ಎಂದು ಒಳಗೊಳಗೇ ಹಿಗ್ಗಿದ್ದೆ, ಅಲ್ವಾ?

"ಕ್ಯೂ ಮುಂದೆ ಹೋಗ್ತಾ ಇದೆಯಾ ಅಂತ ಕೇಳಿದ್ರಾ ಅವರು?" ಎಂದಳು ಹೆಂಡತಿ.

ಆಮೇಲೊಂದು ದಿನ ತಾತ ಕೇಳಿದರು. "ಕಾರ್ಡ್ ಬಂತಾ?"

ಇಲ್ಲ ಎಂದೆ.

"ಬರುತ್ತೆ ಬಿಡು, ಈಗ ನಮ್ಮ ಮೇಷ್ಟ್ರು ವಾಷಿಂಗ್ಟನ್‌ಗೆ ಹೋಗ್ತಿದ್ದಾರಲ್ಲ" ಎಂದು ಬೆನ್ನು ತಟ್ಟಿದರು.