ಜ್ಯೂರಿ ಪಟ್ಟಿಯ ನ್ಯಾಯ ಚೀಟಿ ಎತ್ತುವ ಮೊದಲೇ ತೀರ್ಮಾನವಾಗಿರುತ್ತದೆ

ಅಮೆರಿಕದ ಕ್ರಿಮಿನಲ್ ಮೊಕದ್ದಮೆಗಳಲ್ಲಿ ಜ್ಯೂರಿ (ಆರೋಪಿ ತಪ್ಪಿತಸ್ಥನೇ ಎಂದು ತೀರ್ಮಾನಿಸುವ ಸಾಮಾನ್ಯ ನಾಗರಿಕರ ತಂಡ) ಆಯ್ಕೆ ಎಂದೊಡನೆ ಎಲ್ಲರಿಗೂ ನೆನಪಾಗುವುದು ನ್ಯಾಯಾಲಯದ ಕೊಠಡಿ, ಅಲ್ಲಿ ವಕೀಲರು ಒಬ್ಬೊಬ್ಬರನ್ನೇ ಪ್ರಶ್ನಿಸಿ ಬೇಡವಾದವರನ್ನು ಕೈಬಿಡುವ ದೃಶ್ಯ. ನನ್ನ ಕೆಲಸ ಅದಕ್ಕಿಂತ ತಿಂಗಳುಗಟ್ಟಲೆ ಮೊದಲು ನಡೆಯುತ್ತದೆ. ಮತದಾರರ ಪಟ್ಟಿ, ಚಾಲನಾ ಪರವಾನಗಿ ಇಲಾಖೆಯ ಪಟ್ಟಿ, ಕೆಲವು ರಾಜ್ಯಗಳಲ್ಲಿ ಆದಾಯ ತೆರಿಗೆ ಮತ್ತು ನಿರುದ್ಯೋಗ ಭತ್ಯೆಯ ಪಟ್ಟಿ, ಇವೆಲ್ಲವನ್ನೂ ಒಗ್ಗೂಡಿಸಿ ಸಮನ್ಸ್ ಕಳುಹಿಸಲು ಯೋಗ್ಯವಾದ ಒಂದೇ ಮಾಸ್ಟರ್ ಲಿಸ್ಟ್ ಮಾಡುವ ಡೇಟಾ ತಂಡದಲ್ಲಿ ನಾನಿದ್ದೇನೆ. ಈ ಕೆಲಸ ನನಗೆ ಕಲಿಸಿದ್ದು ಇಷ್ಟು: ಹೆಸರುಗಳನ್ನು ಯಾದೃಚ್ಛಿಕವಾಗಿ ಎತ್ತುವ ಪ್ರೋಗ್ರಾಂ ಎಷ್ಟೇ ನಿಷ್ಪಕ್ಷಪಾತವಾಗಿದ್ದರೂ, ಪಟ್ಟಿಯಲ್ಲೇ ಇಲ್ಲದವನನ್ನು ಅದು ಎತ್ತಲಾರದು.

ಹೊಸಬರು ತಂಡಕ್ಕೆ ಸೇರಿದಾಗ ನಾನು ಮೊದಲು ಹೇಳುವುದು ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್ ಪ್ರಕರಣವನ್ನು. ಅಲ್ಲಿನ ಫೆಡರಲ್ ನ್ಯಾಯಾಲಯದ ಜ್ಯೂರಿ ಪಟ್ಟಿಯಲ್ಲಿ ಹಾರ್ಟ್‌ಫರ್ಡ್ ನಗರದ ನಿವಾಸಿಗಳೇ ಇರಲಿಲ್ಲ ಎಂಬುದು 1992ರ ಒಂದು ಕ್ರಿಮಿನಲ್ ಮೊಕದ್ದಮೆಯಲ್ಲಿ ಬಯಲಿಗೆ ಬಂತು. ಇಂಗ್ಲಿಷಿನಲ್ಲಿ ಬರೆದ ಊರಿನ ಹೆಸರಿನ ಕೊನೆಯ ‘ಡಿ’ ಅಕ್ಷರವು ವ್ಯಕ್ತಿಯ ಸ್ಥಿತಿಯನ್ನು ಸೂಚಿಸುವ ಕಾಲಮ್ಮಿಗೆ ಜಾರಿತ್ತು, ಆ ಕಾಲಮ್ಮಿನಲ್ಲಿ ‘ಡಿ’ ಎಂದರೆ ಮೃತ ಎಂದು ಅರ್ಥ. ಹೀಗೆ ಇಡೀ ನಗರವೇ ಕಂಪ್ಯೂಟರಿನ ಲೆಕ್ಕದಲ್ಲಿ ತೀರಿಕೊಂಡಿತ್ತು. ಪಕ್ಕದ ನ್ಯೂ ಬ್ರಿಟನ್ ನಗರದ ಹೆಸರುಗಳೂ ಪಟ್ಟಿಗೆ ಸೇರಿರಲಿಲ್ಲ. ಆ ನ್ಯಾಯಾಲಯ ವಿಭಾಗದ ವ್ಯಾಪ್ತಿಯ ಕಪ್ಪು ಮತ್ತು ಹಿಸ್ಪಾನಿಕ್ ವಯಸ್ಕರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ವಾಸವಾಗಿದ್ದದ್ದು ಈ ಎರಡೇ ಊರುಗಳಲ್ಲಿ. ಯಾರೂ ದ್ವೇಷದಿಂದ ಮಾಡಿದ್ದಲ್ಲ, ಆದರೆ ಕಟಕಟೆಯಲ್ಲಿ ನಿಂತವನ ಪಾಲಿಗೆ ಅದರಿಂದ ಏನು ವ್ಯತ್ಯಾಸವಾದೀತು?

ಮಿಶಿಗನ್ ರಾಜ್ಯದ ಕೆಂಟ್ ಕೌಂಟಿಯಲ್ಲಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದ್ದು) 2001ರಿಂದ 2002ರವರೆಗೆ ಆದದ್ದು ಇನ್ನೂ ದೊಡ್ಡದು. ಪ್ರೋಗ್ರಾಂ ಸುಮಾರು 4.5 ಲಕ್ಷ ಹೆಸರುಗಳಲ್ಲಿ ಕಾಲು ಭಾಗದಷ್ಟನ್ನು ಮಾತ್ರ ಪರಿಗಣಿಸಿ ಉಳಿದ ಮುಕ್ಕಾಲು ಪಾಲನ್ನು ಬಿಟ್ಟೇಬಿಟ್ಟಿತ್ತು. ಹಾಗೆ ಬಿಟ್ಟುಹೋದದ್ದು ಎಲ್ಲ ಜಿಪ್ ಕೋಡ್‌ಗಳಿಂದ (ನಮ್ಮ ಪಿನ್ ಕೋಡಿನಂಥವು) ಸಮವಾಗಿ ಆಗಿರಲಿಲ್ಲ, ಕಪ್ಪು ಜನರು ಹೆಚ್ಚಾಗಿರುವ ಪ್ರದೇಶಗಳಿಗೇ ಹೊಡೆತ ಹೆಚ್ಚು ಬಿತ್ತು. ಇದೇ ದೋಷದ ಮೇಲೆ ಆರೋಪಿಗಳು ಹೂಡಿದ ವಾದವನ್ನು ಮಿಶಿಗನ್ ಸುಪ್ರೀಂ ಕೋರ್ಟ್ 2012ರಲ್ಲಿ ಒಂದು ಪ್ರಕರಣದಲ್ಲಿ ಒಪ್ಪಲಿಲ್ಲ. 2015ರಲ್ಲಿ ಇನ್ನೊಂದು ಪ್ರಕರಣದಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಆರೋಪಿಯ ಪರ ನಿಂತಿತು.

ಇಂಥ ದೋಷಗಳು ಕೆಲಸ ನಿಲ್ಲಿಸುವುದಿಲ್ಲ, ಅದೇ ಅಪಾಯ. ಪ್ರೋಗ್ರಾಂ ಸರಾಗವಾಗಿ ಓಡುತ್ತದೆ, ಬೇಕಾದಷ್ಟು ಸಮನ್ಸ್ ಮುದ್ರಣವಾಗುತ್ತವೆ, ಜನರೂ ಬಂದು ಕೂರುತ್ತಾರೆ. ಆದ್ದರಿಂದ ಪ್ರತಿ ಹಂತ ಮುಗಿದ ಮೇಲೂ ಜಿಪ್ ಕೋಡ್‌ವಾರು ಎಣಿಕೆ ತೆಗೆದು, ಹಿಂದಿನ ಹಂತದ ಎಣಿಕೆಯ ಪಕ್ಕದಲ್ಲಿಟ್ಟು ನೋಡುವುದು ನಮ್ಮಲ್ಲಿ ನಿಯಮ. ಇಡೀ ಕೌಂಟಿಯ ಒಟ್ಟು ಸಂಖ್ಯೆಯನ್ನಷ್ಟೇ ನೋಡಿದರೆ ಸಣ್ಣ ಇಳಿಕೆಯಂತೆ ಕಾಣುವುದು, ಜಿಪ್ ಕೋಡ್ ಸಾಲಿನಲ್ಲಿ ಸೊನ್ನೆಯಾಗಿ ಎದ್ದು ಕಾಣುತ್ತದೆ.

ಸದ್ದಿಲ್ಲದೆ ಏರುಪೇರಾಗುವ ಇನ್ನೊಂದು ಹಂತ, ಒಂದೇ ವ್ಯಕ್ತಿಯ ಪುನರಾವರ್ತಿತ ದಾಖಲೆಗಳನ್ನು ಸೇರಿಸುವುದು. ಮತದಾರರ ಪಟ್ಟಿಯಲ್ಲೂ ಪರವಾನಗಿಯ ಪಟ್ಟಿಯಲ್ಲೂ ಬೇರೆ ಬೇರೆ ಕಾಗುಣಿತದಲ್ಲಿರುವವನು ಎರಡು ಸಲ ಉಳಿದುಕೊಂಡರೆ ಅವನಿಗೆ ಕರೆ ಬರುವ ಸಂಭವ ದ್ವಿಗುಣವಾಗುತ್ತದೆ. ಅದನ್ನು ತಡೆಯಲು ಹೆಸರು ಹೊಂದಿಸುವ ನಿಯಮವನ್ನು ಸಡಿಲಗೊಳಿಸಿದರೆ, ಗಾರ್ಸಿಯಾ, ನುಯೆನ್, ಪಟೇಲ್ ಮುಂತಾಗಿ ಸಾವಿರಾರು ಜನ ಹಂಚಿಕೊಂಡ ಕುಲನಾಮಗಳಲ್ಲಿ ಬೇರೆ ಬೇರೆ ಮನುಷ್ಯರು ಒಬ್ಬನೇ ಆಗಿಬಿಡುತ್ತಾರೆ. ನಮ್ಮವರ ಹೆಸರುಗಳಂತೂ ಈ ಪ್ರೋಗ್ರಾಂಗಳಿಗೆ ಕಬ್ಬಿಣದ ಕಡಲೆ. ಒಂದು ದಾಖಲೆಯಲ್ಲಿ ಊರಿನ ಹೆಸರು ಮತ್ತು ತಂದೆಯ ಹೆಸರು ಬರಿಯ ಇನಿಷಿಯಲ್ಲಾಗಿರುತ್ತವೆ, ಇನ್ನೊಂದರಲ್ಲಿ ತಂದೆಯ ಹೆಸರೇ ಪೂರ್ಣವಾಗಿ ಕೊನೆಯ ಹೆಸರಿನ ಜಾಗಕ್ಕೆ ಬಂದಿರುತ್ತದೆ, ಮೂರನೆಯದರಲ್ಲಿ ಕೊನೆಯ ಹೆಸರೇ ಇರುವುದಿಲ್ಲ. ಜನ್ಮದಿನಾಂಕ ಮತ್ತು ವಿಳಾಸ ಹೊಂದದ ಹೊರತು ಕೇವಲ ಹೆಸರಿನ ಆಧಾರದ ಮೇಲೆ ಎರಡು ದಾಖಲೆಗಳನ್ನು ಸೇರಿಸಬಾರದು ಎಂದು ನಾನು ವಾದಿಸುವುದು ಇದಕ್ಕಾಗಿಯೇ. (ಇಲ್ಲಿರುವ ಕನ್ನಡಿಗರಿಗೊಂದು ಮಾತು: ಪರವಾನಗಿ ಪಟ್ಟಿಯಿಂದಾಗಿ ಗ್ರೀನ್ ಕಾರ್ಡ್ ಅಥವಾ ವೀಸಾದ ಮೇಲಿರುವವರಿಗೂ ಸಮನ್ಸ್ ಬರುವುದುಂಟು. ಅದನ್ನು ಕಸದ ಬುಟ್ಟಿಗೆ ಹಾಕಬೇಡಿ, ತಾನು ಪ್ರಜೆಯಲ್ಲ ಎಂಬ ಉತ್ತರವನ್ನು ಗುರುತು ಮಾಡಿ ಹಿಂದಿರುಗಿಸಿ.)

ಇಷ್ಟೆಲ್ಲ ಆದ ಮೇಲೆ ಪಟ್ಟಿ ನ್ಯಾಯವಾಗಿದೆಯೇ ಎಂದು ಅಳೆಯುವುದು ಹೇಗೆ? ಅಮೆರಿಕದ ಸುಪ್ರೀಂ ಕೋರ್ಟ್ 1979ರ ಡ್ಯೂರೆನ್ ತೀರ್ಪಿನಲ್ಲಿ, ಪಟ್ಟಿ ನ್ಯಾಯವಾಗಿಲ್ಲ ಎನ್ನುವ ಆರೋಪಿ ಮೂರು ಅಂಶಗಳನ್ನು ತೋರಿಸಬೇಕೆಂದಿತು: ಹೊರಗುಳಿದವರು ಸಮಾಜದ ಒಂದು ಪ್ರತ್ಯೇಕ ಗುಂಪಾಗಿರಬೇಕು, ಜನಸಂಖ್ಯೆಗೆ ಹೋಲಿಸಿದರೆ ಜ್ಯೂರಿಗೆ ಕರೆಸಿದವರಲ್ಲಿ ಅವರ ಪಾಲು ಅನುಚಿತವಾಗಿ ಕಡಿಮೆಯಿರಬೇಕು, ಆ ಕೊರತೆ ಆಯ್ಕೆಯ ವ್ಯವಸ್ಥೆಯಿಂದಲೇ ಬಂದಿರಬೇಕು. ಮಿಸೌರಿಯ ಆ ಪ್ರಕರಣದಲ್ಲಿ ಕೌಂಟಿಯ ವಯಸ್ಕರಲ್ಲಿ ಮಹಿಳೆಯರು ಶೇ. 54ರಷ್ಟಿದ್ದರೂ ಕರೆಸಿದವರಲ್ಲಿ ಶೇ. 15ರಷ್ಟೂ ಇರಲಿಲ್ಲ, ಹಾಗಾಗಿ ಕಷ್ಟವಾಗಲಿಲ್ಲ. ಸಣ್ಣ ಗುಂಪಿನ ವಿಷಯದಲ್ಲಿ ಲೆಕ್ಕ ಕೈಕೊಡುತ್ತದೆ. ಕೆಂಟ್ ಕೌಂಟಿಯದೇ ಇನ್ನೊಂದು ಹಳೆಯ ಪ್ರಕರಣ 2010ರಲ್ಲಿ ಸುಪ್ರೀಂ ಕೋರ್ಟಿಗೆ ಬಂದಾಗ, ಜ್ಯೂರಿಗೆ ಅರ್ಹರಾದವರಲ್ಲಿ ಕಪ್ಪು ಜನರು ಶೇ. 7.28, ಕರೆಸಿದವರಲ್ಲಿ ಶೇ. 6. ಬರಿಯ ವ್ಯತ್ಯಾಸ ತೆಗೆದರೆ ಶೇ. 1.28 ಅಂಶ, ಏನೂ ಅಲ್ಲವೆನ್ನಿಸುತ್ತದೆ. ಬರಬೇಕಾದವರಲ್ಲಿ ಎಷ್ಟು ಮಂದಿ ಬರಲಿಲ್ಲ ಎಂದು ಕೇಳಿದರೆ ಉತ್ತರ ಸುಮಾರು ಶೇ. 18. ಆ ಬರಿಯ ವ್ಯತ್ಯಾಸವೇ ಶೇ. 10ನ್ನು ದಾಟಬೇಕೆಂದು ಕೇಳುವ ನ್ಯಾಯಾಲಯದ ಮುಂದೆ, ಜನಸಂಖ್ಯೆಯ ಶೇ. 7ರಷ್ಟಿರುವ ಗುಂಪನ್ನು ಪೂರ್ತಿಯಾಗಿ ಹೊರಗಿಟ್ಟರೂ ಆರೋಪಿ ಗೆಲ್ಲಲಾರ. ನಮ್ಮ ವರದಿಗಳಲ್ಲಿ ಎರಡೂ ಅಂಕಿಗಳನ್ನು ಅಕ್ಕಪಕ್ಕದಲ್ಲೇ ಕೊಡಬೇಕೆಂದು ನಾನು ಪಟ್ಟು ಹಿಡಿಯುತ್ತೇನೆ, ಒಂದನ್ನೇ ಕೊಡುವುದು ಓದುವವರ ಕಣ್ಣಿಗೆ ಮಣ್ಣೆರಚಿದಂತೆ.

ಕೊನೆಯ ತೊಡಕು ಅಂಚೆಯದು. ಹಳದಿ ಚೀಟಿ ಅಂಟಿಸಿಕೊಂಡು ವಾಪಸು ಬರುವ ಲಕೋಟೆಗಳ ಜಿಪ್ ಕೋಡ್‌ಗಳನ್ನು ವಿಂಗಡಿಸಿದರೆ, ಪದೇ ಪದೇ ಮನೆ ಬದಲಿಸುವ ಬಾಡಿಗೆದಾರರ ಬಡಾವಣೆಗಳೇ ಮೇಲೆ ಬರುತ್ತವೆ. ಜನ ಮನೆ ಬದಲಿಸುವುದು ಅವರ ಖಾಸಗಿ ವಿಚಾರ, ಅದನ್ನು ವ್ಯವಸ್ಥೆಯ ದೋಷವೆನ್ನಲಾಗದು ಎಂಬುದು ಹಲವು ನ್ಯಾಯಾಲಯಗಳ ನಿಲುವು. ನನಗೆ ಅದು ಒಪ್ಪಿಗೆಯಾಗುವುದಿಲ್ಲ, ಏಕೆಂದರೆ ವಿಳಾಸಗಳನ್ನು ಎಷ್ಟು ಕಾಲಕ್ಕೊಮ್ಮೆ ನವೀಕರಿಸಬೇಕು, ವಾಪಸು ಬಂದ ಪತ್ರವನ್ನು ಏನು ಮಾಡಬೇಕು ಎಂಬುದನ್ನು ನಿರ್ಧರಿಸುವವರು ನಮ್ಮಂಥ ಕಚೇರಿಗಳೇ ಹೊರತು ಬಾಡಿಗೆದಾರರಲ್ಲ. ಮ್ಯಾಸಚೂಸೆಟ್ಸ್‌ನಲ್ಲಿ ಒಬ್ಬ ಫೆಡರಲ್ ನ್ಯಾಯಾಧೀಶೆ 2005ರಲ್ಲಿ, ತಲುಪದೆ ಬಂದ ಪ್ರತಿ ಸಮನ್ಸ್‌ಗೆ ಬದಲಾಗಿ ಅದೇ ಜಿಪ್ ಕೋಡ್‌ನ ಇನ್ನೊಬ್ಬರಿಗೆ ಸಮನ್ಸ್ ಹೋಗಬೇಕೆಂದು ಆದೇಶಿಸಿದರು. ಮೇಲಿನ ನ್ಯಾಯಾಲಯ ಆ ಆದೇಶವನ್ನು ತಳ್ಳಿಹಾಕಿದರೂ, ಆನಂತರ ಆ ಜಿಲ್ಲಾ ನ್ಯಾಯಾಲಯವೇ ತನ್ನ ಜ್ಯೂರಿ ಯೋಜನೆಯಲ್ಲಿ ಈ ಕ್ರಮವನ್ನು ಸೇರಿಸಿಕೊಂಡಿತು. ಪ್ರೋಗ್ರಾಂ ಬರೆಯುವವರ ದೃಷ್ಟಿಯಿಂದ ನೋಡಿದರೆ ಅದು ಕೆಲವೇ ಸಾಲುಗಳ ಕೆಲಸ.