ಆ ಸಂಗೀತ ಬರೀ ಸಂಗೀತವಾಗಿದ್ದಾಗ

‘ಔಟರ್ ವೈಲ್ಡ್ಸ್’ ಎಂಬ ವಿಡಿಯೋ ಗೇಮನ್ನು ಇನ್ನೂ ಆಡಿಲ್ಲದವರು, ಎಂದಾದರೂ ಆಡುವ ಮನಸ್ಸಿರುವವರು ದಯವಿಟ್ಟು ಇಲ್ಲಿಗೇ ನಿಲ್ಲಿಸಿ. ಶಿಷ್ಟಾಚಾರಕ್ಕೆ ಹೇಳುತ್ತಿಲ್ಲ, ಕೈಮುಗಿದು ಕೇಳಿಕೊಳ್ಳುತ್ತಿದ್ದೇನೆ. ಬೇರೆ ಆಟಗಳಲ್ಲಿ ಕತ್ತಿಯೋ ಕೀಲಿಕೈಯೋ ಹೊಸದೊಂದು ಶಕ್ತಿಯೋ ಸಿಕ್ಕ ಮೇಲೆ ಮುಂದಿನ ಬಾಗಿಲು ತೆರೆದುಕೊಳ್ಳುತ್ತದೆ. ಇದರಲ್ಲಿ ಅಂಥದ್ದೇನೂ ಇಲ್ಲ. ಮೊದಲ ಸಲ ಹಾರುವಾಗ ನಿಮ್ಮ ಬಳಿ ಇದ್ದ ನೌಕೆ, ಉಡುಪು, ಉಪಕರಣಗಳೇ ಕೊನೆಯ ಸಲ ಹಾರುವಾಗಲೂ ಇರುತ್ತವೆ. ಆಟದುದ್ದಕ್ಕೂ ಬೆಳೆಯುವುದು ನಿಮ್ಮ ತಿಳಿವಳಿಕೆ ಒಂದೇ. ಹೀಗಾಗಿ ಯಾರೋ ಬಾಯಿತಪ್ಪಿ ಆಡಿದ ಒಂದು ಮಾತು ಕೂಡ ಆಟದ ಒಂದು ತುಂಡನ್ನು ನಿಮ್ಮಿಂದ ಕಿತ್ತುಕೊಂಡುಬಿಡುತ್ತದೆ.

ಅಲೆಕ್ಸ್ ಬೀಚಮ್ ಎಂಬವರು ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಸ್ನಾತಕೋತ್ತರ ಪದವಿಗಾಗಿ ಕೈಗೆತ್ತಿಕೊಂಡ ಕೆಲಸ ಇದು. ಪೂರ್ಣಗೊಳ್ಳುವ ಮೊದಲೇ, 2015ರಲ್ಲಿ, ಸ್ವತಂತ್ರ ಆಟಗಳ ಉತ್ಸವದ ಅತಿದೊಡ್ಡ ಪ್ರಶಸ್ತಿ ಅದಕ್ಕೆ ಸಿಕ್ಕಿತ್ತು. ಮೊಬಿಯಸ್ ಡಿಜಿಟಲ್ ಸಂಸ್ಥೆಯ ಸಣ್ಣ ತಂಡ ಅದನ್ನು 2019ರ ಮೇ ತಿಂಗಳಲ್ಲಿ ಹೊರತಂದಿತು. ಮರುವರ್ಷ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿಗಳಲ್ಲಿ ವರ್ಷದ ಅತ್ಯುತ್ತಮ ಆಟ ಎನಿಸಿತು. ನಾನು ಆಡಿದ್ದು 2020ರಲ್ಲಿ, ಕಂಪ್ಯೂಟರ್ ಆಟಗಳನ್ನು ಮಾರುವ ಸ್ಟೀಮ್ ಎಂಬ ಜಾಲತಾಣಕ್ಕೆ ಅದು ಬಂದ ಮೇಲೆ. ಪ್ರಶಸ್ತಿಗಳ ವಿಷಯ ಆಗ ತಿಳಿದಿರಲಿಲ್ಲ. ಬಾಹ್ಯಾಕಾಶದ ಆಟ, ಯಾರನ್ನೂ ಕೊಲ್ಲಬೇಕಿಲ್ಲ ಎಂಬಷ್ಟು ಮಾತ್ರ ಗೊತ್ತಿತ್ತು. ಅದಕ್ಕಿಂತ ಹೆಚ್ಚು ತಿಳಿಯದೆ ಹೋಗಿ ಕುಳಿತದ್ದು ನನ್ನ ಪುಣ್ಯ.

ಕಣ್ಣು ಬಿಟ್ಟಾಗ ತಲೆಯ ಮೇಲೆ ರಾತ್ರಿಯ ಆಕಾಶ, ಪಕ್ಕದಲ್ಲಿ ಬೆಂಕಿ, ಸುತ್ತ ಎತ್ತರದ ಮರಗಳು. ಟಿಂಬರ್ ಹಾರ್ತ್ ಎಂಬ ಪುಟ್ಟ ಗ್ರಹದ ಒಂದು ಹಳ್ಳಿ. ಅಂದು ನಾನು ಮೊದಲ ಬಾರಿಗೆ ಬಾಹ್ಯಾಕಾಶಕ್ಕೆ ಹೊರಡಬೇಕಿತ್ತು. ಉಡಾವಣೆಯ ಸಂಕೇತವನ್ನು ಬೆಟ್ಟದ ಮೇಲಿನ ವೀಕ್ಷಣಾಲಯದಲ್ಲಿರುವ ಹಾರ್ನ್‌ಫೆಲ್ಸ್ ಅವರಿಂದ ಪಡೆದುಕೊಂಡು ಬಂದರೆ ಮುಗಿಯಿತು. ನಾನು ಹೋಗಲೇ ಇಲ್ಲ. ಮಕ್ಕಳೊಡನೆ ಕಣ್ಣಾಮುಚ್ಚಾಲೆ ಆಡಿದೆ. ಭಾರವೇ ಇಲ್ಲದ ಗುಹೆಯೊಳಗೆ ತೇಲಿದೆ. ಪುಟಾಣಿ ಆಟಿಕೆ ನೌಕೆಯನ್ನು ಹಾರಿಸಿ ಮತ್ತೆ ಮತ್ತೆ ನೆಲಕ್ಕೆ ಅಪ್ಪಳಿಸಿದೆ. ನಾಲ್ಕು ಕಣ್ಣಿನ ಆ ಜನರಲ್ಲಿ ಒಬ್ಬರಿಗೂ ಅವಸರವಿರಲಿಲ್ಲ, ಎಲ್ಲರೂ ನಿಂತು ಮಾತನಾಡಿಸುವವರೇ.

ಈಗ ಗೊತ್ತು: ಆ ಆಟದಲ್ಲಿ ಸಮಯ ಓಡದಿದ್ದದ್ದು ಆ ಒಂದು ಭಾಗದಲ್ಲಿ ಮಾತ್ರ. ವೀಕ್ಷಣಾಲಯದಿಂದ ಹೊರಬರುವಾಗ ಅಲ್ಲಿರುವ ಪ್ರಾಚೀನ ವಿಗ್ರಹವೊಂದು ಕಣ್ಣು ತೆರೆದು ನಿಮ್ಮನ್ನು ನೋಡುತ್ತದೆ. ಅಲ್ಲಿಂದಾಚೆಗೆ ನಿಮಗೆ ಸಿಗುವುದು ಇಪ್ಪತ್ತೆರಡು ನಿಮಿಷ. ವಿಗ್ರಹ ಕಣ್ಣು ತೆರೆದಾಗ ನಾನು ಬೆಚ್ಚಿದ್ದು ನಿಜ, ಆದರೆ ಅದು ಏನನ್ನು ಆರಂಭಿಸಿತು ಎಂಬ ಅಂದಾಜು ಇರಲಿಲ್ಲ. ಆರಾಮವಾಗಿ ಲಿಫ್ಟ್ ಏರಿ, ಮರದ ಹಲಗೆ ಹೊಡೆದು ಮಾಡಿದಂತಿದ್ದ ಆ ನೌಕೆಯಲ್ಲಿ ಕುಳಿತು, ಕಣ್ಣಿಗೆ ಹತ್ತಿರ ಕಂಡ ಚಂದ್ರನಿಗೆ ಹೋದೆ.

ಚಂದ್ರನ ಮೇಲೆ ಎಸ್ಕರ್ ಎಂಬ ಹಿರಿಯ ಯಾನಿ ಒಬ್ಬರೇ ಇರುತ್ತಾರೆ. ಗಿಡ ಬೆಳೆಸಿಕೊಂಡು, ಶಿಳ್ಳೆ ಹಾಕುತ್ತಾ ಕಾಲ ಕಳೆಯುತ್ತಿರುತ್ತಾರೆ. ಅವರನ್ನು ಮಾತನಾಡಿಸಿ ಹೊರಗೆ ಬಂದು ಸುಮ್ಮನೆ ನಿಂತಿದ್ದೆ. ಆಗ ಎಲ್ಲಿಂದಲೋ ಸಂಗೀತ ಮೆಲ್ಲಗೆ ಏರತೊಡಗಿತು. ಸಿಂಥಸೈಜರ್‌ನ ಉದ್ದುದ್ದ ಸ್ವರಗಳು, ಒಂದು ಮುಗಿಯುವ ಮೊದಲೇ ಇನ್ನೊಂದು ಅದರೊಳಗಿನಿಂದ ಏಳುತ್ತಿತ್ತು. ಮೊದಲ ಹಾರಾಟಕ್ಕೆ ಎಷ್ಟು ಸೊಗಸಾದ ಉಡುಗೊರೆ ಎಂದುಕೊಂಡೆ. ಲ್ಯಾಪ್‌ಟಾಪಿನ ಫ್ಯಾನ್ ಗದ್ದಲ ಮಾಡುತ್ತಿದ್ದುದರಿಂದ ಹೆಡ್‌ಫೋನ್ ಹಾಕಿಕೊಂಡಿದ್ದೆ, ಧ್ವನಿ ಇನ್ನಷ್ಟು ಏರಿಸಿದೆ. ಸೂರ್ಯನ ಕಡೆ ತಿರುಗಿದರೆ ಅದು ಕೆಂಪಗೆ ಊದಿಕೊಂಡಿತ್ತು. ಈ ಲೋಕದ ಸೂರ್ಯ ಹೀಗೆಯೇ ಇರಬಹುದು ಎಂದು ನೋಡುತ್ತಿದ್ದಂತೆಯೇ ಅದು ಒಮ್ಮೆಗೇ ಒಳಕ್ಕೆ ಕುಗ್ಗಿತು. ಸಂಗೀತ ನಿಂತಿತು. ಮರುಗಳಿಗೆ ನೀಲಿ ಬೆಳಕಿನ ಗೋಡೆಯೊಂದು ನನ್ನತ್ತ ಬರುತ್ತಿತ್ತು. ಓಡಲೂ ತೋಚಲಿಲ್ಲ. ಅಷ್ಟು ಚೆಂದವಿತ್ತು.

ಆಮೇಲೆ ಮತ್ತೆ ಅದೇ ಬೆಂಕಿ, ಅದೇ ಆಕಾಶ. ಆಕಾಶದಲ್ಲಿ ಜೈಂಟ್ಸ್ ಡೀಪ್ ಎಂಬ ಹಸಿರು ಗ್ರಹ, ಅದರ ಪಕ್ಕದಲ್ಲಿ ಏನೋ ಸಿಡಿದು ಒಂದು ಕಿಡಿ ದೂರಕ್ಕೆ ಹಾರಿಹೋಯಿತು. ಆಟದ ಮೊಟ್ಟಮೊದಲ ಕ್ಷಣದಲ್ಲೂ ಅದನ್ನೇ ಕಂಡಿದ್ದೆ, ಅಲಂಕಾರಕ್ಕೆ ಇಟ್ಟದ್ದೆಂದು ಬಿಟ್ಟುಬಿಟ್ಟಿದ್ದೆ. ಆ ಕಿಡಿ ಪ್ರತಿ ಸಲವೂ ಬೇರೆ ದಿಕ್ಕಿಗೆ ಹಾರುತ್ತದೆ. ಅದು ಏನು, ಯಾರು ಹಾರಿಸಿದ್ದು, ಏಕೆ ಎಂಬುದೇ ಇಡೀ ಕಥೆಯ ಬುಡ. ಕಣ್ಣು ಬಿಟ್ಟ ಕೂಡಲೇ ಎಲ್ಲವನ್ನೂ ತೋರಿಸಿಬಿಡುವ ಧೈರ್ಯ ಈ ಆಟಕ್ಕಿದೆ. ನೋಡುವವರಿಗೆ ಇನ್ನೂ ನೋಡಲು ಬಾರದು ಎಂಬುದು ಅದನ್ನು ಕಟ್ಟಿದವರಿಗೆ ಚೆನ್ನಾಗಿ ಗೊತ್ತಿತ್ತು.

ಆ ಸಂಗೀತ ಆಂಡ್ರ್ಯೂ ಪ್ರಾಲೋ ಅವರದು. ಇಪ್ಪತ್ತೆರಡು ನಿಮಿಷಕ್ಕೊಮ್ಮೆ ಸೂರ್ಯ ಸಿಡಿದು ಎಲ್ಲವೂ ಮೊದಲಿನಿಂದ ಶುರುವಾಗುತ್ತದೆ. ಅಂಥ ಪ್ರತಿ ಸುತ್ತಿನ ಕೊನೆಗೆ, ಸೂರ್ಯ ಸಿಡಿಯಲು ಸುಮಾರು ಒಂದೂವರೆ ನಿಮಿಷ ಇರುವಾಗ ಅದು ಆರಂಭವಾಗುತ್ತದೆ. ಎರಡನೆಯ ಸಲ ಕೇಳಿದಾಗ ಅನುಮಾನ. ಆಮೇಲೆ ಅದು ಪೂರ್ತಿ ಎಚ್ಚರಿಕೆಯ ಗಂಟೆ. ಕೇಳಿಸಿದ ತಕ್ಷಣ ಎದೆ ಹೊಡೆದುಕೊಳ್ಳುತ್ತದೆ. ಗೋಡೆಯ ಮೇಲೆ ಸುರುಳಿ ಸುರುಳಿಯಾಗಿ ಬರೆದಿಟ್ಟ ನೊಮಾಯ್ ಎಂಬ ಪ್ರಾಚೀನ ಜನರ ಮಾತುಗಳಲ್ಲಿ ಇನ್ನೊಂದು ಸಾಲನ್ನಾದರೂ ಓದಿಬಿಡಬೇಕು ಎಂದು ಕೈ ತಡಬಡಿಸುತ್ತದೆ. ಸ್ವರಗಳು ಅವೇ, ವಾದ್ಯ ಅದೇ. ಆದರೆ ಎಸ್ಕರ್ ಅವರ ಚಂದ್ರನ ಮೇಲೆ ನಿಂತು ಧ್ವನಿ ಏರಿಸಿಕೊಂಡು ಕೇಳಿದೆನಲ್ಲ, ಹಾಗೆ ಅದನ್ನು ಇನ್ನೆಂದೂ ಕೇಳಲಾಗಲಿಲ್ಲ. ಈ ಆಟದ ನೆನಪಾದಾಗಲೆಲ್ಲ ನಾನು ಹಂಬಲಿಸುವುದು ಆ ಒಂದೂವರೆ ನಿಮಿಷಕ್ಕೆ. ಒಗಟುಗಳನ್ನು ಬಿಡಿಸಿದ ಹೆಮ್ಮೆ ಇದೆ, ಅದು ಬೇರೆ. ಆ ಸ್ವರಗಳಿಗೆ ಇನ್ನೂ ಯಾವ ಅರ್ಥವೂ ಅಂಟಿರಲಿಲ್ಲ, ಅವು ಚೆಂದವಾಗಿದ್ದವು ಅಷ್ಟೇ. ಅದು ಬೇಕು ನನಗೆ.

ಮುಂದಿನ ವಾರಗಳಲ್ಲಿ ಕಂಡದ್ದನ್ನೆಲ್ಲ ಬರೆಯುತ್ತಾ ಹೋದರೆ ಮುಗಿಯುವುದಿಲ್ಲ. ಜೋಡಿ ಗ್ರಹಗಳ ನಡುವೆ ಒಂದರಿಂದ ಇನ್ನೊಂದಕ್ಕೆ ಸುರಿಯುವ ಮರಳು, ಸುಂಟರಗಾಳಿ ದ್ವೀಪಗಳನ್ನೇ ಆಕಾಶಕ್ಕೆ ಎಸೆಯುವ ಸಮುದ್ರ, ಡಾರ್ಕ್ ಬ್ರಾಂಬಲ್ ಎಂಬ ಜಾಗದ ಮಂಜಿನಲ್ಲಿ ಸದ್ದಿಗೆ ಕಿವಿಗೊಟ್ಟು ಕಾಯುವ ಕುರುಡು ಮೀನುಗಳು. ಆದರೆ ಬ್ರಿಟಲ್ ಹಾಲೋ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಅದು ಒಳಗೆ ಟೊಳ್ಳಾದ ಗ್ರಹ. ನಡುವೆ ಕಪ್ಪುರಂಧ್ರವಿದೆ. ಅದರದೇ ಚಂದ್ರ ಉಗುಳುವ ಬೆಂಕಿಯ ಬಂಡೆಗಳು ಬಿದ್ದು ಬಿದ್ದು ಗ್ರಹದ ಚಿಪ್ಪು ತುಂಡುತುಂಡಾಗಿ ಒಳಕ್ಕೆ ಕಳಚಿಕೊಳ್ಳುತ್ತಿರುತ್ತದೆ. ಚಿಪ್ಪಿನ ಒಳಮೈಗೆ ತಲೆಕೆಳಗಾಗಿ ಜೋತುಬಿದ್ದ ಊರೊಂದರ ಕಡೆಗೆ ಹೋಗುತ್ತಿದ್ದಾಗ ಕಾಲ ಕೆಳಗಿನ ನೆಲವೇ ಬಿಟ್ಟುಕೊಂಡಿತು. ಜೆಟ್‌ಪ್ಯಾಕ್ ಒತ್ತಿದರೂ ಎಳೆತ ತಪ್ಪಲಿಲ್ಲ. ಆ ಕಪ್ಪು ವೃತ್ತದ ಅಂಚಿನಲ್ಲಿ ನಕ್ಷತ್ರಗಳು ಬಾಗಿ ಬಳೆಯಂತೆ ಕಾಣುತ್ತಿದ್ದವು. ಸತ್ತೆ ಎಂದುಕೊಂಡು ಕಣ್ಣು ಅರೆಮುಚ್ಚಿದೆ. ನೋಡಿದರೆ ಸೌರಮಂಡಲದ ಅಂಚಿನಲ್ಲಿ ತೇಲುತ್ತಿದ್ದೇನೆ. ನನ್ನ ಸುತ್ತ ಅದೇ ಗ್ರಹದ ಮುರಿದ ತುಂಡುಗಳು, ಹಿಂದೆ ಬೆಳ್ಳಗೆ ಹೊಳೆಯುವ ಒಂದು ರಂಧ್ರ. ಕಪ್ಪುರಂಧ್ರಕ್ಕೆ ಬಿದ್ದದ್ದು ಬಿಳಿಯ ರಂಧ್ರದಿಂದ ಹೊರಬರುತ್ತದೆ ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅದರ ಪಾಠವನ್ನು ನಾನು ಬಿದ್ದೇ ಕಲಿತೆ. ಅದಕ್ಕಾಗಿ ಆಟಕ್ಕೆ ಋಣಿ.

ನೌಕೆ ಎಲ್ಲೋ ಉಳಿದಿತ್ತು. ಮಾಡಲು ಬೇರೇನೂ ಇಲ್ಲದೆ ಸಿಗ್ನಲ್‌ಸ್ಕೋಪ್ ತೆಗೆದು ದೂರದ ಗ್ರಹಗಳತ್ತ ಹಿಡಿದೆ. ಅದು ದೂರದ ಸದ್ದುಗಳನ್ನು ಹಿಡಿಯುವ ಉಪಕರಣ. ಬೇರೆ ಬೇರೆ ಗ್ರಹಗಳಲ್ಲಿ ಒಂಟಿಯಾಗಿ ಕುಳಿತ ಯಾನಿಗಳು ತಮ್ಮ ತಮ್ಮ ವಾದ್ಯ ನುಡಿಸುತ್ತಿರುತ್ತಾರೆ: ರೀಬೆಕ್ ಬ್ಯಾಂಜೋ, ಚೆರ್ಟ್ ಡೋಲು, ಗ್ಯಾಬ್ರೋ ಕೊಳಲು, ಫೆಲ್ಡ್‌ಸ್ಪಾರ್ ಹಾರ್ಮೋನಿಕಾ, ಎಸ್ಕರ್ ಶಿಳ್ಳೆ. ಹತ್ತಿರದಿಂದ ಒಂದೊಂದೇ ಕೇಳಿಸುತ್ತದೆ. ಅಷ್ಟು ದೂರ ಹೋದಾಗ ಗ್ರಹಗಳೆಲ್ಲ ಒಂದೇ ಕಿಟಕಿಯೊಳಗೆ ಬಂದವು, ವಾದ್ಯಗಳು ಒಂದರೊಡನೊಂದು ಕೂಡಿಕೊಂಡವು. ಅವರೆಲ್ಲ ನುಡಿಸುತ್ತಿದ್ದದ್ದು ಒಂದೇ ಹಾಡು! ಒಬ್ಬರಿಗೊಬ್ಬರು ಕಾಣದಷ್ಟು ದೂರದಲ್ಲಿದ್ದುಕೊಂಡು, ತಾಳ ತಪ್ಪದೆ. ಆಮ್ಲಜನಕ ಮುಗಿಯುವವರೆಗೂ ಕೇಳಿದೆ. ಮೊದಲ ಸಲದ ಅನುಭವಗಳಲ್ಲಿ ಮಾಸದೆ ಉಳಿದಿರುವುದು ಇದೊಂದೇ. ಈಗ ಕೇಳಿದರೂ ಹಾಗೆಯೇ ಮೈ ಜುಮ್ಮೆನ್ನುತ್ತದೆ. ಏಕೆಂದು ಯೋಚಿಸಿದ್ದೇನೆ. ಆ ಹಾಡು ಏನನ್ನೂ ಸೂಚಿಸುವುದಿಲ್ಲ, ಯಾವ ಬಾಗಿಲನ್ನೂ ತೆರೆಯುವುದಿಲ್ಲ. ತಿಳಿದುಕೊಳ್ಳಬೇಕಾದದ್ದು ಅದರಲ್ಲಿ ಏನೂ ಇಲ್ಲದಿರುವುದರಿಂದಲೇ ತಿಳಿವಳಿಕೆ ಅದನ್ನು ಕೆಡಿಸಲಾರದೇನೋ.

ಈ ಆಟವನ್ನು ಪ್ರೀತಿಸುವವರೆಲ್ಲರ ಬಾಯಲ್ಲೂ ಒಂದು ಮಾತಿದೆ: ಎಲ್ಲವನ್ನೂ ಮರೆತು ಇನ್ನೊಮ್ಮೆ ಮೊದಲಿನಿಂದ ಆಡುವಂತಿದ್ದರೆ! ನನಗೂ ಅನ್ನಿಸಿದೆ. ಆದರೆ ಚೆರ್ಟ್ ನೆನಪಾದರೆ ಆ ಆಸೆ ಹಿಂದೆ ಸರಿಯುತ್ತದೆ. ಚೆರ್ಟ್ ಖಗೋಳಶಾಸ್ತ್ರಜ್ಞರು, ಅವರ ಕೆಲಸವೇ ನಕ್ಷತ್ರಗಳನ್ನು ಗುರುತಿಸುವುದು. ಸುತ್ತಿನ ಆರಂಭದಲ್ಲಿ ಹೋದರೆ ಉತ್ಸಾಹದಿಂದ ಮಾತನಾಡಿಸುತ್ತಾರೆ. ನಡುವೆ ಹೋದರೆ ಏಕೆ ಇಷ್ಟೊಂದು ನಕ್ಷತ್ರಗಳು ಸಾಯುತ್ತಿವೆ ಎಂಬ ಕಳವಳದಲ್ಲಿರುತ್ತಾರೆ. ಕೊನೆಗೆ ಹೋದರೆ ನಮ್ಮ ಸೂರ್ಯನ ಸರದಿಯೂ ಬಂದಿದೆ ಎಂದು ಅವರಿಗೆ ಗೊತ್ತಾಗಿರುತ್ತದೆ, ಆ ಮನುಷ್ಯ ಕುಸಿದುಹೋಗಿರುತ್ತಾರೆ. ಮರುಸುತ್ತಿನಲ್ಲಿ ಎಲ್ಲವನ್ನೂ ಮರೆತು ಮತ್ತೆ ಅದೇ ಉತ್ಸಾಹ, ಮತ್ತೆ ಅದೇ ಕುಸಿತ. ಪ್ರತಿ ಸಲವೂ ಅವರಿಗೆ ಮೊದಲ ಸಲವೇ. ಇತ್ತ ಗ್ಯಾಬ್ರೋ, ನನ್ನಂತೆಯೇ ಎಲ್ಲ ಸುತ್ತುಗಳನ್ನೂ ನೆನಪಿಟ್ಟುಕೊಂಡವರು, ಎರಡು ಮರಗಳ ನಡುವಿನ ಜೋಲಿಯಲ್ಲಿ ಮಲಗಿ ಕೊಳಲೂದುತ್ತಾರೆ. ಮರೆಯುವ ವರ ಸಿಕ್ಕರೆ ಆ ಒಂದೂವರೆ ನಿಮಿಷದ ಸಂಗೀತವನ್ನಷ್ಟೇ ಮರೆಯುತ್ತೇನೆ. ಉಳಿದದ್ದನ್ನು ಕೊಡುವುದಿಲ್ಲ.

2021ರ ಸೆಪ್ಟೆಂಬರ್‌ನಲ್ಲಿ ‘ಎಕೋಸ್ ಆಫ್ ದಿ ಐ’ ಎಂಬ ವಿಸ್ತರಣಾ ಭಾಗ ಬಂತು. ಕೊಂಡು ಎಷ್ಟೋ ಕಾಲ ತೆರೆಯದೆ ಇಟ್ಟಿದ್ದೆ. ಇನ್ನೊಂದು ಮೊದಲ ಸಲ ಕೈಯಲ್ಲಿದೆ ಎಂಬ ಭಾವವೇ ಸುಖವಾಗಿತ್ತು. ಕೊನೆಗೆ ತೆರೆದು, ಕತ್ತಲೆಯ ಬಾಹ್ಯಾಕಾಶ ಹಡಗಿನೊಳಗೆ ತೆಪ್ಪ ಹತ್ತಿದೆ. ನದಿ ಎದುರಿಗೆ ಮೇಲಕ್ಕೆ ಬಾಗಿ, ತಲೆಯ ಮೇಲೆ ಹರಿದು, ಹಿಂದಿನಿಂದ ಬಂದು ಸೇರುತ್ತಿತ್ತು. ಕೂಗಿಬಿಟ್ಟೆ. ಆದರೂ ಅಲ್ಲಿ ನಾನು ಗಡಿಯಾರ ನೋಡುತ್ತಲೇ ಇದ್ದೆ. ಅಣೆಕಟ್ಟು ಬಿರುಕುಬಿಟ್ಟ ಸದ್ದು ಕೇಳಿಸಿದಾಗ ಸುತ್ತಿನ ಯಾವ ಹಂತದಲ್ಲಿದ್ದೇನೆ ಎಂದು ಲೆಕ್ಕ ಹಾಕುವುದು ಮೊದಲು, ನೀರು ನುಗ್ಗಿ ಬರುವುದನ್ನು ಕಣ್ತುಂಬ ನೋಡುವುದು ಆಮೇಲೆ.

ಈಗ ನನ್ನ ತಮ್ಮ ಆಡುತ್ತಿದ್ದಾನೆ. ಈ ಬರಹವನ್ನು ಓದಕೂಡದೆಂದು ಅವನಿಗೆ ತಾಕೀತು ಮಾಡಿದ್ದೇನೆ. ಮೊದಲ ದಿನ ಪಕ್ಕದಲ್ಲೇ ಕುಳಿತಿದ್ದೆ. ಅವನದು ನನ್ನಂಥ ನಿಧಾನದ ಸ್ವಭಾವವಲ್ಲ. ಹಳ್ಳಿಯನ್ನು ಓಡುತ್ತಲೇ ದಾಟಿದ, ವೀಕ್ಷಣಾಲಯದ ವಸ್ತುಸಂಗ್ರಹಾಲಯದಲ್ಲಿ ಒಂದು ಕಡೆಯೂ ನಿಲ್ಲಲಿಲ್ಲ. ಅಲ್ಲಿ ಒಂದು ಕಲ್ಲಿನ ಚೂರಿದೆ. ನೋಡುತ್ತಿರುವಷ್ಟು ಹೊತ್ತು ಅಲುಗಾಡುವುದಿಲ್ಲ, ಬೇರೆಡೆಗೆ ತಿರುಗಿ ಮತ್ತೆ ನೋಡಿದರೆ ಜಾಗ ಬದಲಿಸಿರುತ್ತದೆ. ನೋಡು ಎಂದು ಹೇಳಲು ಬಾಯಿ ತುರಿಸಿತು, ತಡೆದುಕೊಂಡೆ. ಸುತ್ತಿನ ಕೊನೆಗೆ ಅವನು ನೌಕೆಯ ಗಾಜಿಗೆ ಮುಖವಿಟ್ಟವನಂತೆ ಪರದೆಗೆ ಬಾಗಿ, “ಅಕ್ಕಾ, ಈ ಸಂಗೀತ ಎಷ್ಟು ಚೆನ್ನಾಗಿದೆ ಕೇಳು” ಎಂದ. ಹೌದು ಎಂದೆ. ನನ್ನ ಅಂಗೈ ಬೆವರಿತ್ತು. ಅವನ ಮುಖದಲ್ಲಿ ಸಂತೋಷ ಬಿಟ್ಟು ಬೇರೇನೂ ಇರಲಿಲ್ಲ, ಆ ಕ್ಷಣ ಅವನ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು.

ಅವನು ಈಗ ಸ್ವಂತ ಸಿದ್ಧಾಂತಗಳನ್ನು ಕಟ್ಟುತ್ತಿದ್ದಾನೆ, ದಿನಕ್ಕೊಂದರಂತೆ ಮೊಬೈಲಿಗೆ ಸಂದೇಶ ಕಳಿಸುತ್ತಾನೆ. ಸುಂಟರಗಾಳಿಗಳು ಸೂರ್ಯನನ್ನು ಕೆಡಿಸುತ್ತಿವೆ ಎಂಬುದು ಕಳೆದ ವಾರದ್ದು. ನಾನು ಹೌದೆನ್ನುವುದೂ ಇಲ್ಲ, ಅಲ್ಲವೆನ್ನುವುದೂ ಇಲ್ಲ, ಏಕೆ ಹಾಗನ್ನಿಸಿತು ಎಂದು ಮಾತ್ರ ಕೇಳುತ್ತೇನೆ. ನಿನ್ನೆ ಬರೆದಿದ್ದ: “ಒಂದು ಚಂದ್ರ ಕಾಣಿಸಿತು ಅಕ್ಕಾ, ಮೋಡದೊಳಗೆ ಇಳಿಯುತ್ತಿದ್ದೆ, ಅಷ್ಟರಲ್ಲಿ ಚಂದ್ರನೇ ಮಾಯ. ಆಟದಲ್ಲಿ ಏನೋ ದೋಷವಿದೆ.” ದೋಷವಲ್ಲ, ಇನ್ನೊಮ್ಮೆ ಹೋಗು ಎಂದಷ್ಟೇ ಉತ್ತರಿಸಿದೆ.