ಗುರುವಾರ ಬನ್ನಿ ಅಂದ್ಬಿಟ್ಟೆ

ಮಂಡ್ಯ ಕಡೆ ಒಂದು ಪಿಎಚ್‌ಸಿಲಿ (ಪ್ರಾಥಮಿಕ ಆರೋಗ್ಯ ಕೇಂದ್ರ) ಸ್ಟಾಫ್ ನರ್ಸ್ ನಾನು. ಇದು ಹೋದ್ ವರ್ಷ ಆಗಿದ್ದು, ಇನ್ನೂ ಮನಸ್ಸಿಂದ ಹೋಗಿಲ್ಲ.

ಅವತ್ತು ಶನಿವಾರ, ಮಧ್ಯಾಹ್ನ ಒಂದೂವರೆ ಆಗಿರ್ಬೇಕು. ಬಿಪಿ ಶುಗರ್ ಮಾತ್ರೆಗೆ ಬಂದೋರು ಇನ್ನೂ ಫಾರ್ಮಸಿ ಮುಂದೆ ನಿಂತಿದ್ರು, ಎನ್‌ಸಿಡಿ (ಬಿಪಿ, ಶುಗರ್ ಥರದ ಕಾಯಿಲೆ) ಎಂಟ್ರಿ ಸಂಜೆ ಒಳಗೆ ಮುಗೀಬೇಕು ಅಂತ ತಾಲೂಕಿಂದ ಎರಡು ಸಲ ಫೋನ್ ಬಂದಿತ್ತು, ಪೋರ್ಟಲ್ ನೋಡಿದ್ರೆ ಸೇವ್ ಒತ್ತಿದಾಗೆಲ್ಲ ಸುಮ್ನೆ ಸುತ್ತುತ್ತಾ ಇತ್ತು. ಅಷ್ಟ್ರಲ್ಲಿ ಒಬ್ರು ಅಜ್ಜಿ ಕಿಟಕಿ ಹತ್ರ ಬಂದು "ಸಿಸ್ಟ್ರವ್ವ, ಮಗೀಗೆ ಸೂಜಿ ಆಕುಸ್ಬೇಕಿತ್ತು" ಅಂದ್ರು. ನಾನು ತಲೆ ಎತ್ತಲಿಲ್ಲ. "ಗುರುವಾರ ಬನ್ನಿ ಅಜ್ಜಿ, ತಾಯಿ ಕಾರ್ಡ್ ತನ್ನಿ" ಅಂದೆ. "ಇವತ್ತು ಆಗಕ್ಕಿಲ್ವಾ?" ಅಂತ ಇನ್ನೊಂದ್ಸಲ ಕೇಳಿದ್ರು. ಬೋರ್ಡ್ ಕಡೆ ಕೈ ತೋರ್ಸಿದೆ, 'ಲಸಿಕೆ: ಪ್ರತಿ ಗುರುವಾರ' ಅಂತ ಬರೆದಿದೆ. "ಆಯ್ತು ಕಣವ್ವ" ಅಂದು ಹೋದ್ರು.

ಗುರುವಾರ ಎಂದಿನಂಗೆ ರಶ್. ಬಿಸಿಜಿ (ಕ್ಷಯದ್ದು), ಎಂಆರ್ (ದಡಾರ, ರುಬೆಲ್ಲಾದ್ದು) ಲಸಿಕೆ ವಯಲ್ ಒಂದ್ಸಲ ಕಲಸಿದ್ಮೇಲೆ 4 ಗಂಟೆ ಒಳಗೆ ಮುಗಿಸ್ಬೇಕು, ಉಳಿದಿದ್ದು ಎಸೀಬೇಕು, ಅದಕ್ಕೇ ಕೂಸುಗಳನ್ನೆಲ್ಲ ಒಂದೇ ದಿನ ಸೇರ್ಸೋದು. ಹನ್ನೊಂದೂವರೆಗೆ ಆ ಅಜ್ಜಿ ಸರದಿ ಬಂತು. ಬೆಳಗ್ಗೆಯಿಂದ ಬಾಣಂತಿಯರ ಜೊತೆ ಬೆಂಚಲ್ಲಿ ಕೂತಿದ್ರಂತೆ. ಕೈಲಿ ಹಳೇ ತಾಯಿ ಕಾರ್ಡು, ಅಂಚೆಲ್ಲ ಗೆದ್ದಲು ತಿಂದಿತ್ತು. ಕಂಕುಳಲ್ಲಿ ಕೂಸಿಲ್ಲ, ಪಕ್ಕದಲ್ಲಿ ಎರಡನೇ ಕ್ಲಾಸ್ ಓದೋ ಮೊಮ್ಮಗ ನಿಂತಿದ್ದ, ಮೀನಖಂಡಕ್ಕೆ ಬಟ್ಟೆ ಸುತ್ತಿತ್ತು.

"ಏನಾಗಿದೆ ಅಜ್ಜಿ ಇವನಿಗೆ?"

"ನಾಯಿ ಕಚ್ಚದ್ದು ಕಣವ್ವ, ಸುಕ್ರುವಾರ ಸಂಜೆ. ನೀನೇ ಅಂದ್ಯಲ್ಲ ಗುರುವಾರ ಬಾ ಅಂತ."

ಕೈಯಲ್ಲಿದ್ದ ಸಿರಿಂಜ್ ಟ್ರೇಲಿಟ್ಟೆ. ಬಟ್ಟೆ ಬಿಚ್ಚಿದ್ರೆ ಸುಣ್ಣ ಅರಿಶಿನ ಮೆತ್ತಿ ಗಟ್ಟಿಯಾಗಿತ್ತು, ಅದರ ಕೆಳಗೆ ಎರಡು ಹಲ್ಲಿನ ಗುರುತು, ಆಳವಾಗಿ ಇಳಿದಿತ್ತು. ಕೆಟಗರಿ 3, ಅಂದ್ರೆ ನಾಯಿ ಕಡಿತದಲ್ಲಿ ಅತಿ ಅಪಾಯದ ವರ್ಗ. ಡಾಕ್ಟ್ರು ಮೀಟಿಂಗಲ್ಲಿದ್ರು, ಫೋನ್ ಮಾಡ್ದೆ, ಶನಿವಾರ ನಾನೇ ವಾಪಸ್ ಕಳ್ಸಿದ್ದೆ ಸರ್ ಅಂತ್ಲೂ ಹೇಳ್ದೆ. ಅವರು ಒಂದು ನಿಮಿಷ ಮಾತಾಡ್ಲಿಲ್ಲ. "ಮೊದ್ಲು ತೊಳೀರಿ, ಎಆರ್‌ವಿ ಹಾಕಿ, ಇಮ್ಯುನೋಗ್ಲೋಬುಲಿನ್‌ಗೆ ಮಿಮ್ಸ್‌ಗೆ ಕಳ್ಸಿ, ಮಿಕ್ಕಿದ್ದು ಆಮೇಲೆ" ಅಂದ್ರು. ಎಆರ್‌ವಿ ಅಂದ್ರೆ ರೇಬಿಸ್ ಲಸಿಕೆ, ಇಮ್ಯುನೋಗ್ಲೋಬುಲಿನ್ ಅಂದ್ರೆ ವೈರಸ್ ತಡೆಯೋ ರೆಡಿ ಪ್ರತಿಕಾಯ, ಮಿಮ್ಸ್ ಮಂಡ್ಯದ ಸರ್ಕಾರಿ ಮೆಡಿಕಲ್ ಕಾಲೇಜ್ ಆಸ್ಪತ್ರೆ.

ಲೇಬರ್ ರೂಮ್ ಹಿಂದಿನ ನಲ್ಲಿ ಕೆಳಗೆ ಕಾಲಿಡ್ಸಿ ಸೋಪು ಹಾಕಿ 15 ನಿಮಿಷ ತೊಳೆದೆ. ನೀರು ಹರೀತಾ ಇತ್ತು, ಹುಡುಗ ಉರಿ ಉರಿ ಅಂತ ಅಳ್ತಿದ್ದ, ನಾನು ಮನಸ್ಸಲ್ಲೇ ಶನಿ ಭಾನು ಸೋಮ ಮಂಗಳ ಬುಧ ಅಂತ ಎಣಿಸ್ತಿದ್ದೆ. ರೇಬಿಸ್ ಲಕ್ಷಣ ಕಾಣಿಸ್ಕೊಂಡ್ಮೇಲೆ ಉಳಿಸ್ಕೊಳ್ಳೋಕೆ ಆಗಲ್ಲ, ಇದು ನನಗೆ ಯಾರೂ ಹೇಳ್ಕೊಡಬೇಕಾಗಿರ್ಲಿಲ್ಲ. ಕಚ್ಚಿರೋದು ಕಾಲಿಗೆ, ತಲೆಯಿಂದ ದೂರ, ಸಾಮಾನ್ಯವಾಗಿ ವಾರಗಟ್ಟಲೆ ಟೈಮ್ ಇರುತ್ತೆ ಅಂತ ನನಗೆ ನಾನೇ ಹೇಳ್ಕೊತಿದ್ದೆ, ಆದ್ರೂ ಕೈ ನಡುಕ ನಿಲ್ಲಲಿಲ್ಲ. ಅಜ್ಜಿ ಒಂದೇ ಒಂದು ಮಾತು ನನ್ನ ಬೈದಿದ್ರೂ ಸಮಾಧಾನ ಆಗ್ತಿತ್ತೇನೋ, ಅವರು ಹುಡುಗನ ಬೆನ್ನು ಸವರ್ತಾ "ಸುಮ್ಕಿರು ಮಗ, ಸಿಸ್ಟ್ರವ್ವ ಒಳ್ಳೇದೇ ಮಾಡ್ತರೆ" ಅಂತಿದ್ರು.

ಎಆರ್‌ವಿ ಸ್ಟಾಕ್ ಇತ್ತು. ಶನಿವಾರಾನೂ ಇತ್ತು. ಎರಡೂ ತೋಳಿಗೆ 0.1 ಎಂಎಲ್ ಐಡಿ (ಚರ್ಮದ ಪದರದೊಳಗೆ) ಕೊಟ್ಟೆ. ಮಿಮ್ಸ್ ಕ್ಯಾಶುಯಲ್ಟಿಗೆ ಫೋನ್ ಮಾಡಿ ಇಮ್ಯುನೋಗ್ಲೋಬುಲಿನ್ ಇದೆ ಅಂತ ಖಾತ್ರಿ ಮಾಡ್ಕೊಂಡು ಊರಿನ ಆಶಾ ಕಾರ್ಯಕರ್ತೆ ಜೊತೆ ಆಟೋಲಿ ಕಳ್ಸಿದ್ವಿ, ಅವತ್ತೇ ಗಾಯದ ಸುತ್ತ ಕೊಟ್ರು. ನಾಯಿ ಅವರ ಊರಿನ ಆಲೆಮನೆ ಹತ್ರಾನೇ ಇರುತ್ತಂತೆ, ಸಂಜೆ ಆಶಾನೇ ಹೋಗಿ ನೋಡಿ ಫೋನ್ ಮಾಡಿದ್ರು, 'ಬದುಕೈತೆ ಸಿಸ್ಟರ್, ಬಗಾಸಿ ರಾಶಿ ಮೇಲೆ ಮಲ್ಗೈತೆ'. ಕಚ್ಚಿ 10 ದಿನ ತುಂಬೋವರೆಗೂ ದಿನಾ ನೋಡಿದ್ರು, ಏನೂ ಆಗ್ಲಿಲ್ಲ ಅದಕ್ಕೆ. ಆದ್ರೂ ನಾವು ಡೋಸ್ ನಿಲ್ಲಿಸ್ಲಿಲ್ಲ, ಮೊದಲ ಡೋಸಿಂದ 3, 7, 28ನೇ ದಿನಕ್ಕೂ ಹಾಕಿದ್ವಿ. ಮೂರನೇ ದಿನ ಭಾನುವಾರ ಬಂತು, ರಜೆ ಇದ್ರೂ ನಾನೇ ಬಂದು ಹಾಕ್ದೆ. ಎಆರ್‌ವಿ ಕಾರ್ಡ್ ಖಾಲಿಯಾಗಿತ್ತು, ಆ ಹಳೇ ತಾಯಿ ಕಾರ್ಡ್ ಹಿಂದೇನೇ ನಾಲ್ಕೂ ಡೇಟ್ ಬರ್ಕೊಟ್ಟಿದ್ದೆ.

ಮಂಡ್ಯ ಕಡೆ ಏಳು ವರ್ಷದೋನೂ ಮಗೂನೇ, ಸೂಜಿ ಅಂದ್ರೆ ಎಲ್ಲಾನೂ ಸೂಜೀನೇ. ಇಲ್ಲೇ ಹುಟ್ಟಿ ಬೆಳೆದ ನನಗೆ ಇದು ಗೊತ್ತಿರ್ಬೇಕಿತ್ತು. ಈಗ ಯಾರು ಸೂಜಿ ಅಂದ್ರೂ ಯಾರಿಗೆ, ಯಾತಕ್ಕೆ ಅಂತ ಎರಡು ಮಾತು ಕೇಳ್ದೆ ದಿನ ಹೇಳಲ್ಲ. ನಾಯಿ ಕಡಿತ ಅಂದ್ರೆ ಒಬ್ರೇ ಬಂದಿದ್ರೂ ವಯಲ್ ಓಪನ್ ಮಾಡ್ತೀನಿ, ಇನ್ನೂ ನಾಲ್ಕು ಜನ ಸೇರ್ಲಿ ಅಂತ ಕಾಯ್ಸಲ್ಲ, ವೇಸ್ಟೇಜ್ ಯಾಕೆ ಅಂತ ಕೇಳಿದ್ರೆ ಉತ್ತರ ಕೊಡೋಕೆ ನಾನು ರೆಡಿ.

ಬೋರ್ಡ್ ವಿಷಯ ಮಾತ್ರ ಅಲ್ಲೇ ಇದೆ. 9ನೇ ತಾರೀಖು ಗರ್ಭಿಣಿಯರ ತಪಾಸಣೆ, ಕಫ ಪರೀಕ್ಷೆ, ಕುಟುಂಬ ಯೋಜನೆ ಎಲ್ಲಾ ಅದರಲ್ಲಿದೆ, ನಾಯಿ ಕಡಿತ, ಹಾವು ಕಡಿತ ಅಂತ ಒಂದು ಸಾಲಿಲ್ಲ. ಸೇರ್ಸಿ ಅಂತ ಬರೆದು ಕೊಟ್ಟೆ, ಫಾರ್ಮ್ಯಾಟ್ ಮೇಲಿಂದ ಬರ್ಬೇಕು ಅಂದ್ರು. ಪೇಂಟರ್‌ಗೆ ಇನ್ನೂರು ರೂಪಾಯಿ ಕೆಲಸ ಅದು, ಇದಕ್ಕೆ ಯಾರ ಸಹಿ ಬೇಕು ಅಂತ ಇವತ್ತಿಗೂ ಅರ್ಥ ಆಗಿಲ್ಲ. ನಾನೇ ಒಂದು ಹಾಳೇಲಿ 'ನಾಯಿ, ಬೆಕ್ಕು, ಕೋತಿ ಕಚ್ಚಿದ್ರೆ ದಿನ ನೋಡ್ಬೇಡಿ, ಸೋಪಲ್ಲಿ 15 ನಿಮಿಷ ತೊಳೆದು ಕೂಡ್ಲೇ ಬನ್ನಿ, ಸೂಜಿಗೆ ದುಡ್ಡು ಕೊಡ್ಬೇಕಿಲ್ಲ' ಅಂತ ದಪ್ಪ ಅಕ್ಷರದಲ್ಲಿ ಬರೆದು ಬೋರ್ಡ್ ಪಕ್ಕ ಅಂಟಿಸಿದೀನಿ. ಮೊನ್ನೆ ಮಳೆಗೆ ಇಂಕೆಲ್ಲ ಇಳಿದೋಗಿದೆ. ನಾಳೆ ಹೊಸದು ಬರೆದು ಪ್ಲಾಸ್ಟಿಕ್ ಕವರ್ ಹಾಕಿ ಅಂಟಿಸ್ಬೇಕು.